ಪಕ್ಕದ ಮನೆ ಮಗುವಿನ ಫಿಟ್ಸ್ ಮಾತ್ರೆ ನಿಮ್ಮ ಮಗುವಿಗೂ ಆಗುತ್ತದೆಯೇ?

‘ಈ ಮಾತ್ರೆಯಿಂದ ನಮ್ಮ ಮಗುವಿನ ಫಿಟ್ಸ್ ನಿಂತಿತು, ಎಲ್ಲರಿಗೂ ಕಳಿಸಿ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಬರೆದವರು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಮೂರ್ಛೆರೋಗದಲ್ಲಿ ಹಲವು ಬಗೆ. ಒಂದಕ್ಕೆ ಒಗ್ಗುವ ಔಷಧ ಇನ್ನೊಂದನ್ನು ಕೆರಳಿಸಬಲ್ಲದು.

ಕಾರ್ಬಮಜೆಪೀನ್ ನೋಡಿ. ಮೆದುಳಿನ ಒಂದು ಭಾಗದಲ್ಲಿ ಶುರುವಾಗುವ ಫಿಟ್ಸ್‌ಗೆ ಇದು ಒಳ್ಳೆಯ ಹಳೆಯ ಔಷಧ. ಆದರೆ ಕೆಲವು ಮಕ್ಕಳು ಬೀಳುವುದಿಲ್ಲ, ಒದ್ದಾಡುವುದಿಲ್ಲ. ಮಾತಿನ ಮಧ್ಯೆ ಹತ್ತಿಪ್ಪತ್ತು ಸೆಕೆಂಡು ಕಣ್ಣು ನೆಟ್ಟು ಸುಮ್ಮನಾಗುತ್ತಾರೆ. ಇದಕ್ಕೆ ಆಬ್ಸೆನ್ಸ್ ಫಿಟ್ಸ್ ಎನ್ನುತ್ತಾರೆ. (ಪಾಠದಲ್ಲಿ ಗಮನವಿಲ್ಲವೆಂದು ಪಾಪ, ಬೈಸಿಕೊಳ್ಳುವುದೂ ಉಂಟು.) ಇವರಿಗೆ ಕಾರ್ಬಮಜೆಪೀನ್ ಕೊಟ್ಟರೆ ಫಿಟ್ಸ್ ಹೆಚ್ಚಾಗಬಹುದು. ಇಂಥ 453 ಮಕ್ಕಳಲ್ಲಿ ಬೇರೆ ಮೂರು ಔಷಧಗಳನ್ನು ಹೋಲಿಸಿದ ಅಮೆರಿಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಎಥೋಸಕ್ಸಿಮೈಡ್, ವಾಲ್ಪ್ರೊಯೇಟ್ ಸಮಸಮ ಕೆಲಸ ಮಾಡಿದವು, ಲ್ಯಾಮೋಟ್ರಿಜಿನ್ ಹಿಂದೆ ಬಿತ್ತು. ಮಕ್ಕಳ ಗಮನಶಕ್ತಿಗೆ ವಾಲ್ಪ್ರೊಯೇಟ್‌ಗಿಂತ ಕಡಿಮೆ ತೊಂದರೆ ಕೊಟ್ಟದ್ದು ಎಥೋಸಕ್ಸಿಮೈಡ್. ಓದುವ ಮಗುವಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ವಾಲ್ಪ್ರೊಯೇಟ್‌ನಿಂದ ಯಕೃತ್ತಿಗೆ ಹಾನಿಯಾಗುವ ಅಪಾಯ ಎರಡು ವರ್ಷದೊಳಗಿನ ಕೂಸುಗಳಲ್ಲಿ ಹೆಚ್ಚು. ಹೆಣ್ಣುಮಗುವಾದರೆ, ಮುಂದೆ ಗರ್ಭಿಣಿಯಾದಾಗ ಭ್ರೂಣಕ್ಕೆ ಆಗಬಹುದಾದ ತೊಂದರೆಯನ್ನೂ ವೈದ್ಯರು ಯೋಚಿಸಬೇಕಾಗುತ್ತದೆ. ಲ್ಯಾಮೋಟ್ರಿಜಿನ್ ಡೋಸ್ ವಾರಗಟ್ಟಲೆ ನಿಧಾನವಾಗಿ ಏರಿಸುವುದು ಚರ್ಮದ ತೀವ್ರ ಅಲರ್ಜಿಯನ್ನು ತಪ್ಪಿಸಲು. ಡಾಕ್ಟರು ಸುಮ್ಮನೆ ಓಡಾಡಿಸುತ್ತಿಲ್ಲ.

ಫಿಟ್ಸ್ ನಿಂತಿತೆಂದು ಮಾತ್ರೆಯನ್ನು ತಟ್ಟನೆ ಬಿಡಬೇಡಿ. ಬಿಡದೆ ಬರುವ, ಜೀವಕ್ಕೇ ಅಪಾಯವಾಗುವ ಫಿಟ್ಸ್‌ಗೆ ಅದು ದಾರಿಯಾಗಬಹುದು. ಸಾಮಾನ್ಯವಾಗಿ ಎರಡು ವರ್ಷ ಫಿಟ್ಸ್ ಬಾರದಿದ್ದರೆ ವೈದ್ಯರೇ ಯೋಚಿಸಿ, ಹಂತಹಂತವಾಗಿ ಇಳಿಸುತ್ತಾರೆ.

ಫೋನು ನಿಜಕ್ಕೂ ಉಪಯೋಗಕ್ಕೆ ಬರುವ ಜಾಗ ಬೇರೆ. ಫಿಟ್ಸ್ ಬಂದಾಗ ಒಬ್ಬರು ಮಗುವನ್ನು ಪಕ್ಕಕ್ಕೆ ಮಲಗಿಸಿ, ಇನ್ನೊಬ್ಬರು ವಿಡಿಯೊ ಮಾಡಿಕೊಳ್ಳಿ. ಯಾವ ಬಗೆಯ ಫಿಟ್ಸ್ ಎಂದು ಗುರುತಿಸಲು ವೈದ್ಯರಿಗೆ ಅದು ಬೇಕು. ಐದು ನಿಮಿಷ ದಾಟಿದರೆ ವಿಡಿಯೊ ಬಿಟ್ಟು ಆಸ್ಪತ್ರೆಗೆ ಹೊರಡಿ.