ರೋಡ್ ಎಂದರೆ ಬರೀ ರಸ್ತೆಯೇ?

ಹಾಸನ–ಮಂಗಳೂರು ರೈಲುಮಾರ್ಗದಲ್ಲಿ ಸಕಲೇಶಪುರ ಬಿಟ್ಟು, 57 ಸುರಂಗಗಳನ್ನು ಹಾದು ಘಟ್ಟ ಇಳಿದಾಗ ಸಿಗುವ ನಿಲ್ದಾಣಕ್ಕೆ ಇಟ್ಟ ಹೆಸರು ‘ಸುಬ್ರಹ್ಮಣ್ಯ ರೋಡ್’. ಮೊದಲ ಸಲ ಬರುವ ಯಾತ್ರಿಕರು ಹೊರಗೆ ಕಾಲಿಟ್ಟೊಡನೆ ದೇವಸ್ಥಾನದ ಗೋಪುರವನ್ನು ಹುಡುಕುವುದುಂಟು. ಆದರೆ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆ ಸುಬ್ರಹ್ಮಣ್ಯಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ಬಸ್ಸನ್ನೋ ಜೀಪನ್ನೋ ಹಿಡಿಯಲೇಬೇಕು.

ಹಾಗಾದರೆ ಹೆಸರು ತಪ್ಪೇ? ಇಲ್ಲ. ರೈಲ್ವೆಯವರ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ‘ರೋಡ್’ ಬಂದರೆ ‘ಇದು ಆ ಊರಲ್ಲ, ಆ ಊರಿಗೆ ಹೋಗುವ ದಾರಿ ಇಲ್ಲಿಂದ’ ಎಂದು ಅರ್ಥ. ಮಂತ್ರಾಲಯಂ ರೋಡ್, ಗೋಕರ್ಣ ರೋಡ್, ರಾಜಸ್ಥಾನದ ಅಬು ರೋಡ್ ಎಲ್ಲವೂ ಹೀಗೆಯೇ. ಕೊಂಕಣ ರೈಲಿನ ‘ಮೂಕಾಂಬಿಕಾ ರೋಡ್ ಬೈಂದೂರು’ ನಿಲ್ದಾಣದಲ್ಲಿ ಇಳಿದವರು ಕೊಲ್ಲೂರಿಗೆ ಇನ್ನೂ ಘಟ್ಟದ ಬುಡದವರೆಗೆ ಹೋಗಬೇಕು. ಪುಟ್ಟ ಪದವೊಂದರ ಅರ್ಥ ತಿಳಿಯದಿದ್ದರೆ ರಾತ್ರಿ ಹೊತ್ತು ಮಕ್ಕಳುಮರಿಗಳೊಂದಿಗೆ ಇಳಿದ ಸಂಸಾರಕ್ಕೆ ಎಷ್ಟು ತೊಂದರೆ!

ಶಾಲೆಯ ಶಬ್ದಪಟ್ಟಿಯಲ್ಲಿ ‘ರೋಡ್ ಎಂದರೆ ರಸ್ತೆ’ ಎಂದಷ್ಟೇ ಇರುತ್ತದೆ. ಅದು ಸರಿಯೇ, ಆದರೆ ಸಾಲದು.

ಈ ಪದದ ಮೂಲ ಕುತೂಹಲಕರ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಕುದುರೆ ಸವಾರಿ’ ಎಂಬ ಅರ್ಥವಿತ್ತು. ಸವಾರಿ ಮಾಡು ಎನ್ನುವ ‘ರೈಡ್’ ಕ್ರಿಯಾಪದದ ಹತ್ತಿರದ ನೆಂಟ ಇದು. ‘ರೈಡ್’ನ ಭೂತಕಾಲ ರೂಪ ಇಂದಿಗೂ ‘ರೋಡ್’ ಎಂದೇ ಉಚ್ಚಾರವಾಗುತ್ತದೆ, ಕಾಗುಣಿತ ಮಾತ್ರ ಬೇರೆ. ಕುದುರೆಯೇರಿ ಶತ್ರುವಿನ ನೆಲಕ್ಕೆ ನುಗ್ಗುವುದಕ್ಕೂ ಇದೇ ಪದ ಬಳಕೆಯಲ್ಲಿತ್ತು. ಅದರ ಸ್ಕಾಟ್ಲೆಂಡಿನ ರೂಪವೇ ‘ರೇಡ್’. ತೆರಿಗೆ ಅಧಿಕಾರಿಗಳು ನಡೆಸುವ ‘ರೇಡ್’ ಕೂಡ ನಮ್ಮ ‘ರೋಡ್’ನ ಒಡಹುಟ್ಟು! ‘ಇನ್‌ರೋಡ್’ ಎಂದರೆ ಒಳನುಗ್ಗುವಿಕೆ ಎಂದಾಗುವುದೂ ಇದರಿಂದಲೇ. ಜನ, ಗಾಡಿ ಸಾಗುವ ದಾರಿ ಎಂಬ ಇಂದಿನ ಅರ್ಥ ಬಳಕೆಗೆ ಬಂದದ್ದು 16ನೆಯ ಶತಮಾನದ ಕೊನೆಯ ಹೊತ್ತಿಗೆ.

ನೀರಿನಲ್ಲೂ ರೋಡ್ ಇದೆ. ದಡದ ಬಳಿ ಹಡಗುಗಳು ಲಂಗರು ಹಾಕಿ ನಿಲ್ಲಬಹುದಾದ ಕಡಲಿನ ಭಾಗಕ್ಕೆ ‘ರೋಡ್ಸ್’ ಅಥವಾ ‘ರೋಡ್‌ಸ್ಟೆಡ್’ ಎನ್ನುತ್ತಾರೆ. ಲಂಗರು ಹಾಕಿದ ಹಡಗು ನೀರಿನ ಮೇಲೆ ತೇಲುತ್ತಿರುವುದನ್ನೂ ಇಂಗ್ಲಿಷ್ ‘ರೈಡ್’ ಎಂದೇ ಕರೆಯುತ್ತದೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಗುವ ಮೊದಲು ದೊಡ್ಡ ಹಡಗುಗಳು ಹಳೆಬಂದರಿನ ಒಳಗೆ ಬರಲಾಗದೆ ಹೊರಗೆ ಕಡಲಿನಲ್ಲೇ ನಿಲ್ಲುತ್ತಿದ್ದವು. ಸರಕು ದೋಣಿಗಳಲ್ಲಿ ದಡ ಸೇರುತ್ತಿತ್ತು. ಅಮೆರಿಕದ ವರ್ಜೀನಿಯಾದಲ್ಲಿರುವ ‘ಹ್ಯಾಂಪ್ಟನ್ ರೋಡ್ಸ್’ ಕೂಡ ರಸ್ತೆಯಲ್ಲ, ಜಲಪ್ರದೇಶ.

ಬ್ರಿಟಿಷರ ‘ರೈಲ್ವೆ’ ಅಮೆರಿಕದವರಿಗೆ ‘ರೈಲ್‌ರೋಡ್’. ಅದೇ ಪದ ಕ್ರಿಯಾಪದವಾದರೆ ಚರ್ಚೆಗೆ ಅವಕಾಶ ಕೊಡದೆ ಅವಸರದಲ್ಲಿ ಅಂಗೀಕಾರ ಮಾಡಿಸಿಬಿಡುವುದು ಎಂದರ್ಥ. ವಿಧೇಯಕವೊಂದನ್ನು ಸದನದಲ್ಲಿ ‘ರೈಲ್‌ರೋಡ್’ ಮಾಡಿದರು ಎಂದು ಪತ್ರಿಕೆ ಬರೆದರೆ ಅಲ್ಲಿ ರೈಲನ್ನು ಹುಡುಕಬಾರದು.

ಇನ್ನು ನುಡಿಗಟ್ಟುಗಳು. ‘ಹಿಟ್ ದ ರೋಡ್’ ಎಂದರೆ ರಸ್ತೆಗೆ ಹೊಡೆಯುವುದಲ್ಲ, ಹೊರಡುವುದು. ‘ಡೌನ್ ದ ರೋಡ್’ ಎಂದರೆ ರಸ್ತೆಯಲ್ಲಿ ಮುಂದೆ ಎಂದಾಗಬಹುದು, ಮುಂದಿನ ದಿನಗಳಲ್ಲಿ ಎಂದೂ ಆಗಬಹುದು. ‘ಎಂಡ್ ಆಫ್ ದ ರೋಡ್’ ಎಂದರೆ ಇನ್ನು ಮುಂದುವರಿಯಲಾಗದ ಘಟ್ಟ. ‘ರೋಡ್ ಹಾಗ್’ ಎಂದರೆ ಇತರರಿಗೆ ದಾರಿ ಬಿಡದೆ ವಾಹನ ಓಡಿಸುವವ. ‘ರೋಡ್ ಮ್ಯಾಪ್’ ದಾರಿಯ ನಕ್ಷೆಯೂ ಹೌದು, ಯಾವುದೇ ಕೆಲಸದ ಹಂತಹಂತದ ಯೋಜನೆಯೂ ಹೌದು.

ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುವುದು ಕನ್ನಡದಿಂದ ನೇರವಾಗಿ ಇಳಿಸಿದಾಗ. ‘ಮನೆ ಕೊಚ್ಚಿಹೋಗಿ ನಾವು ಬೀದಿಗೆ ಬಿದ್ದೆವು’ ಎಂಬುದನ್ನು ಹುಡುಗನೊಬ್ಬ ‘ವೀ ಆರ್ ಆನ್ ದ ರೋಡ್’ ಎಂದು ಬರೆದರೆ, ಓದಿದವರು ಇವರು ಪ್ರವಾಸ ಹೊರಟಿದ್ದಾರೆ ಎಂದುಕೊಂಡಾರು. ಅಲ್ಲಿ ‘ಸ್ಟ್ರೀಟ್’ ಬಳಸಬೇಕು. ‘ದಾರಿಯಲ್ಲಿದ್ದೇನೆ, ಈಗ ಬರುತ್ತೇನೆ’ ಎನ್ನಲು ‘ಆನ್ ದ ವೇ’. ‘ಬಸ್ಸಿನಲ್ಲೋ ಕಾರಿನಲ್ಲೋ ಬಂದೆವು, ರೈಲಿನಲ್ಲಲ್ಲ’ ಎನ್ನಲು ‘ಬೈ ರೋಡ್’. ಇಲ್ಲಿ ನಡುವೆ ‘ದ’ ಬೇಡ.

ಹೆತ್ತವರಿಗೂ ಒಂದು ಮಾತು ಉಪಯುಕ್ತ. ಕಾಲೇಜಿಗೆ ಹೋಗುವ ಮಗಳಿಗೆ ಸ್ಕೂಟರ್ ಕೊಳ್ಳಲು ಹೋದಾಗ ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ‘ಎಕ್ಸ್ ಶೋರೂಂ’ ಬೆಲೆ. ನೋಂದಣಿ, ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿ ವಾಹನ ರಸ್ತೆಗಿಳಿಯುವಾಗ ಕೊಡಬೇಕಾದದ್ದು ‘ಆನ್ ರೋಡ್’ ಬೆಲೆ. ಸಾಲದ ಲೆಕ್ಕ ಹಾಕಬೇಕಾದದ್ದು ಎರಡನೆಯದರ ಮೇಲೆ.

ಇಷ್ಟೆಲ್ಲ ಅರ್ಥ ನೋಡಿ ವಿದ್ಯಾರ್ಥಿಗಳು ಕಂಗೆಡಬೇಕಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಡಾಮರು ಹಾಕಿದ ರಸ್ತೆಗೆ ‘ಮಾರ್ಗ’ ಎನ್ನುತ್ತಾರೆ. ಅದೇ ಜನ ‘ಭಕ್ತಿಮಾರ್ಗ’ ಎಂದಾಗ ಯಾರೂ ಡಾಮರನ್ನು ನೆನೆಯುವುದಿಲ್ಲ. ತೇರು ಎಳೆಯುವ ಬೀದಿ ರಥಬೀದಿಯೇ ಹೊರತು ರಥಮಾರ್ಗವಲ್ಲ. ‘ಮಗ ದಾರಿಗೆ ಬಂದ’, ‘ಮಗನ ದಾರಿ ಕಾಯುತ್ತಿದ್ದಾಳೆ’, ಈ ಎರಡು ದಾರಿಗಳ ವ್ಯತ್ಯಾಸವನ್ನು ಯಾವ ಮಗುವಿಗೂ ಪಟ್ಟಿ ಮಾಡಿ ಕಲಿಸಿದವರಿಲ್ಲ. ಮನೆಯಲ್ಲಿ ಕೇಳಿ ಕೇಳಿ ಬಂದದ್ದು ಅದು. ಇಂಗ್ಲಿಷನ್ನು ಅಷ್ಟು ಕೇಳುವ ಅವಕಾಶ ಹಳ್ಳಿಯ ಮಕ್ಕಳಿಗೆ ಇಲ್ಲದಿರಬಹುದು. ಆ ಕೊರತೆಯನ್ನು ಓದು ತುಂಬಿಕೊಡುತ್ತದೆ. ಹೊಸ ಪದ ಸಿಕ್ಕಾಗ ಒಂದೇ ಅರ್ಥ ಬರೆದುಕೊಳ್ಳುವ ಬದಲು, ಅದು ಬಂದ ಇಡೀ ವಾಕ್ಯವನ್ನೇ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಪದವೂ ಉಳಿಯುತ್ತದೆ, ಅದರ ಬಳಕೆಯೂ ಉಳಿಯುತ್ತದೆ.