ಮರಳಿನ ಕಣಗಳನ್ನು ಎಣಿಸಿರಿ

ಬಾದಾಮಿಯ ಗುಹಾದೇವಾಲಯಗಳನ್ನು ಕೊರೆದಿರುವ ಕೆಂಪು ಬಂಡೆಯು ಮರಳುಗಲ್ಲೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಹೆಸರನ್ನು ಹೇಳಿದೊಡನೆ ಕಲ್ಲಿನ ವಿಚಾರ ಮುಗಿಯಿತೆಂದು ಭಾವಿಸುವುದು ನಮ್ಮ ಪಾಠಕ್ರಮದ ದೊಡ್ಡ ಕೊರತೆ. ಬಣ್ಣವನ್ನು ನಂಬುವಂತಿಲ್ಲ, ಕಬ್ಬಿಣದ ಆಕ್ಸೈಡಿನ ತೆಳುವಾದ ಲೇಪವೊಂದೇ ಎಂತಹ ಮರಳುಗಲ್ಲನ್ನಾದರೂ ಕೆಂಪಾಗಿಸಬಲ್ಲುದು. ಎರಡು ಪ್ರಾಚೀನ ಶಿಲಾಸ್ತರಗಳನ್ನು ಹೋಲಿಸಬೇಕಾದರೆ ಅವುಗಳಲ್ಲಿರುವ ಕಣಗಳನ್ನು ಎಣಿಸಲೇಬೇಕು.

ಮರಳುಗಲ್ಲಿನಲ್ಲಿ ಮುಖ್ಯವಾಗಿ ಎಣಿಸತಕ್ಕವು ಮೂರು: ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಹಳೆಯ ಕಲ್ಲುಗಳ ಚೂರು. ಮಳೆನೀರಿನ ಸಂಪರ್ಕದಿಂದ ಫೆಲ್ಡ್‌ಸ್ಪಾರ್ ಕ್ರಮೇಣ ಜೇಡಿಯಾಗುತ್ತದೆ, ಬೆಣಚು ಉಳಿಯುತ್ತದೆ. ಆದುದರಿಂದ ಬಹುಮಟ್ಟಿಗೆ ಬೆಣಚೇ ಆಗಿರುವ ಮರಳುಗಲ್ಲು ದೀರ್ಘಕಾಲದ ಸವೆತವನ್ನು ಸೂಚಿಸುತ್ತದೆ. ಫೆಲ್ಡ್‌ಸ್ಪಾರ್ ಕಾಲುಭಾಗವನ್ನು ಮೀರಿದ ಮರಳುಗಲ್ಲಿಗೆ ಆರ್ಕೋಸ್ ಎಂದು ಹೆಸರು. ಗ್ರಾನೈಟಿನಂತಹ ಮೂಲಶಿಲೆಯಿಂದ ಬಂದ ಮರಳು ಕೊಳೆಯುವ ಮೊದಲೇ ಹೂತುಹೋಯಿತೆಂಬುದಕ್ಕೆ ಅದು ಸಾಮಾನ್ಯವಾಗಿ ಸಾಕ್ಷಿ. 1979ರಲ್ಲಿ ಡಿಕಿನ್ಸನ್ ಮತ್ತು ಸುಕ್ಜೆಕ್ ಎಂಬ ವಿಜ್ಞಾನಿಗಳು ಈ ಮೂರರ ಪ್ರಮಾಣಕ್ಕೂ ಭೂಫಲಕಗಳ ಚಲನೆಗೂ ಇರುವ ಸಂಬಂಧವನ್ನು ತೋರಿಸಿದರು.

ಇದನ್ನು ಕಲಿಯಲು ಬಾದಾಮಿಗೇ ಹೋಗಬೇಕಾಗಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡಗಳ ಬೆಟ್ಟಗಳು ಬಹುಪಾಲು ಸುಮಾರು 250 ಕೋಟಿ ವರ್ಷಗಳ ಹಿಂದಿನ ಕ್ಲೋಸ್‌ಪೇಟೆ ಗ್ರಾನೈಟ್. ಶಿರಾದ ಕಡೆ ಅದಕ್ಕಿಂತ ಹಳೆಯ ನೈಸ್ ಶಿಲೆಯಿದೆ. ಎರಡರಲ್ಲಿಯೂ ಬೆಣಚು, ಫೆಲ್ಡ್‌ಸ್ಪಾರುಗಳುಂಟು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ ಮತ್ತು ಮಧುಗಿರಿಯ ಸೀಮೆಗಳಲ್ಲಿ ಹರಿದು, ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಮರಳು ಇಂತಹ ಬಂಡೆಗಳ ಪುಡಿಯೇ. ಅದು ಇನ್ನೂ ಕಲ್ಲಾಗದ ಮರಳುಗಲ್ಲು.

ಅದರ ಒಂದು ಹಿಡಿಯನ್ನು ತೊಳೆದು, ಒಣಗಿಸಿ, ಜರಡಿ ಹಿಡಿಯಿರಿ. ಮುನ್ನೂರು ಕಣಗಳನ್ನು ಭೂತಗನ್ನಡಿಯಿಂದ ನೋಡಿರಿ. ಗಾಜಿನಂತೆ ಕಂಡು, ಅಂಕುಡೊಂಕಾಗಿ ಒಡೆದಿರುವುದು ಬೆಣಚು. ಬಿಳಿ ಅಥವಾ ನಸುಗೆಂಪಾಗಿ, ಸಪಾಟಾದ ಮುಖಗಳಿಂದ ಹೊಳೆಯುವುದು ಫೆಲ್ಡ್‌ಸ್ಪಾರ್.

ಇಲ್ಲಿ ಭೌತಶಾಸ್ತ್ರದ ಅಧ್ಯಾಪಕನ ಒಂದು ಎಚ್ಚರಿಕೆಯ ಮಾತು. ಮುನ್ನೂರು ಕಣಗಳಲ್ಲಿ ಬೆಣಚು ಶೇಕಡಾ 60ರಷ್ಟಿದ್ದರೆ, ಆ ಎಣಿಕೆಯ ಅನಿಶ್ಚಿತತೆ ಶೇಕಡಾ 3ರಷ್ಟು. ಆದುದರಿಂದ ಶೇಕಡಾ 2ರ ವ್ಯತ್ಯಾಸವನ್ನು ಕಂಡು ಎರಡು ಮಾದರಿಗಳು ಬೇರೆಬೇರೆಯೆಂದು ಸಾರಬಾರದು. ಅನಿಶ್ಚಿತತೆ ಅರ್ಧವಾಗಬೇಕಾದರೆ 1200 ಕಣಗಳನ್ನು ಎಣಿಸಬೇಕು. ಇನ್ನೊಂದು ಮಾತು: ಸಂಯೋಜನೆ ಒಂದೇ ಆದ ಮಾತ್ರಕ್ಕೆ ವಯಸ್ಸು ಒಂದೇ ಆಗದು. ವಯಸ್ಸಿಗೆ ಜಿರ್ಕಾನ್ ಕಣಗಳಲ್ಲಿ ಯುರೇನಿಯಂ ಸೀಸವಾಗಿರುವ ಪ್ರಮಾಣವನ್ನು ಅಳೆಯಬೇಕು. ಮರಳುಗಲ್ಲು ತನ್ನೊಳಗಿನ ಅತಿ ಕಿರಿಯ ಜಿರ್ಕಾನ್ ಕಣಕ್ಕಿಂತ ಹಳೆಯದಾಗಿರಲಾರದು.

ಭೂತಗನ್ನಡಿ, ಜರಡಿ, ಸೂಜಿ: ಇಷ್ಟು ಸಲಕರಣೆ ಯಾವ ಪ್ರೌಢಶಾಲೆಗೆ ದುಬಾರಿ? ನದೀಪಾತ್ರಗಳ ಮರಳು ಕಟ್ಟಡಗಳಿಗಾಗಿ ಖಾಲಿಯಾಗುತ್ತಿರುವಾಗ, ಈ ಸೀಮೆಯ ಪ್ರತಿಯೊಂದು ಶಾಲೆಯೂ ಸ್ಥಳ, ದಿನಾಂಕಗಳನ್ನು ಬರೆದ ಮರಳಿನ ಸೀಸೆಗಳನ್ನು ಕಾದಿರಿಸತಕ್ಕದ್ದು. ಗಾರೆಯಲ್ಲಿ ಸೇರಿದ ಮರಳು ಯಾವ ಹೊಳೆಯದೆಂದು ಮುಂದೆ ಯಾರು ಹೇಳಬಲ್ಲರು?