ದಂಡನ್ಯಾಯದ ವಿದ್ಯೆ ಮತ್ತು ವಿಶ್ವವಿದ್ಯಾಲಯದ ಕರ್ತವ್ಯ

ನಾಗರಿಕನೊಬ್ಬನ ಸ್ವಾತಂತ್ರ್ಯವನ್ನು ನಡುಬೀದಿಯಲ್ಲಿಯೇ ತಡೆದು ನಿಲ್ಲಿಸುವ ಅಧಿಕಾರವನ್ನು ಯಾರ ಕೈಗೆ ಒಪ್ಪಿಸಿರುತ್ತೇವೆಯೋ ಅವನಿಗೆ ಶಸ್ತ್ರಾಭ್ಯಾಸದೊಡನೆ ನ್ಯಾಯಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ಪರಿಚಯವೂ ಅವಶ್ಯವೆಂಬ ವಿಚಾರವನ್ನು ಅಮೆರಿಕದಲ್ಲಿ ಕಾರ್ಯರೂಪಕ್ಕೆ ತಂದವರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದ ಆಗಸ್ಟ್ ವೋಲ್ಮರರು ಅಗ್ರಗಣ್ಯರು. ಉನ್ನತ ವಿದ್ಯಾಭ್ಯಾಸದ ಭಾಗ್ಯವನ್ನು ತಾವು ಪಡೆಯದಿದ್ದ ಈ ಮಹನೀಯರು 1908ರಲ್ಲಿ ತಮ್ಮ ಸಿಬ್ಬಂದಿಗಾಗಿ ಶಾಲೆಯೊಂದನ್ನು ತೆರೆದರು. 1916ರಲ್ಲಿ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಕಿಡ್ ಅವರೊಡಗೂಡಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬೇಸಗೆ ತರಗತಿಗಳಲ್ಲಿ ಅಪರಾಧಶಾಸ್ತ್ರಕ್ಕೆ ಸ್ಥಾನ ದೊರಕಿಸಿದರು. 1930ರಲ್ಲಿ ಸ್ಯಾನ್ ಹೋಸೆಯಲ್ಲಿಯೂ 1935ರಲ್ಲಿ ಮಿಷಿಗನ್‌ನಲ್ಲಿಯೂ ಇಂಥ ವ್ಯಾಸಂಗಗಳು ಮೊದಲಾದವು.

ಈ ವಿದ್ಯೆಗೆ ಶಾಸ್ತ್ರದ ಗಾಂಭೀರ್ಯ ಪ್ರಾಪ್ತವಾದುದು, ನನ್ನ ಅಭಿಪ್ರಾಯದಲ್ಲಿ, 1950ರ ದಶಕದಲ್ಲಿ. ಅಮೆರಿಕನ್ ಬಾರ್ ಫೌಂಡೇಶನ್ನಿನ ಸಮೀಕ್ಷೆಗಾಗಿ ಠಾಣೆ, ನ್ಯಾಯಾಲಯ, ಸೆರೆಮನೆಗಳ ದಿನನಿತ್ಯದ ವ್ಯವಹಾರವನ್ನು ಸಮೀಪದಿಂದ ಅವಲೋಕಿಸಿದ ಸಂಶೋಧಕರು, ಯಾರನ್ನು ಬಂಧಿಸಬೇಕು, ಯಾರನ್ನು ಎಚ್ಚರಿಸಿ ಬಿಡಬೇಕು, ಯಾವ ಆರೋಪವನ್ನು ಹೊರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ನಿರ್ಣಯಗಳು ಶಾಸನದ ಅಕ್ಷರಕ್ಕಿಂತ ಅಧಿಕಾರಿಯ ವಿವೇಚನೆಯನ್ನೇ ಬಹುಮಟ್ಟಿಗೆ ಅವಲಂಬಿಸಿರುವುದನ್ನು ಕಂಡರು. ಅವರಲ್ಲೊಬ್ಬರಾದ ಹರ್ಮನ್ ಗೋಲ್ಡ್‌ಸ್ಟೀನರು ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ಬಿಡಿಬಿಡಿಯಾದ ದೂರುಗಳ ಬೆನ್ನುಹತ್ತುವುದಕ್ಕಿಂತ ಅವು ಮತ್ತೆ ಮತ್ತೆ ತಲೆಯೆತ್ತಲು ಕಾರಣವಾದ ಮೂಲಸಮಸ್ಯೆಯನ್ನೇ ಪೊಲೀಸರು ಪರಿಶೀಲಿಸಬೇಕೆಂದು 1979ರಲ್ಲಿ ಪ್ರತಿಪಾದಿಸಿದರು. ಹೊರಗಿನವನಂತೆ ನಿಂತು ನೋಡುವ ಸ್ವಾತಂತ್ರ್ಯ ವಿದ್ವಾಂಸನಿಗಿದ್ದುದರಿಂದಲೇ ಈ ಜ್ಞಾನ ಸಾಧ್ಯವಾಯಿತೆಂಬುದನ್ನು ನಾವು ಮರೆಯಲಾಗದು.

ಅನಂತರ ಬಂದುದು ಹಣದ ಕಾಲ. 1967ರ ರಾಷ್ಟ್ರಾಧ್ಯಕ್ಷರ ಆಯೋಗವು ಪೊಲೀಸರಿಗೆ ಪದವಿ ಶಿಕ್ಷಣವಿರಬೇಕೆಂದು ಸೂಚಿಸಿತು. 1968ರ ಶಾಸನದ ಮೂಲಕ ಅಮೆರಿಕದ ಒಕ್ಕೂಟ ಸರ್ಕಾರವು ಓದುವ ಪೊಲೀಸರಿಗೆ ಅನುದಾನ ನೀಡಿತು, ಸೇವೆಯಲ್ಲಿ ಮುಂದುವರಿದವರ ವಿದ್ಯಾಸಾಲವನ್ನು ಹಂತಹಂತವಾಗಿ ಮನ್ನಾ ಮಾಡಿತು. ಅದೇ ವರ್ಷ ಆಲ್ಬನಿಯಲ್ಲಿ ಈ ವಿದ್ಯೆಯ ಡಾಕ್ಟರೇಟ್ ವ್ಯಾಸಂಗವು ಪ್ರಾರಂಭವಾದುದು ಶುಭಸೂಚಕವೇ. ಆದರೆ ಮಳೆಗಾಲದ ಹುಲ್ಲಿನಂತೆ ದೇಶದ ತುಂಬ ಚಿಗುರಿದ ವಿಭಾಗಗಳಲ್ಲಿ ಅನೇಕವು ಠಾಣೆಯ ತರಬೇತಿಯನ್ನೇ ಪಾಠವೆಂದು ಕರೆದು, ನಿವೃತ್ತ ಅಧಿಕಾರಿಯ ಅನುಭವಕಥನವನ್ನೇ ವಿದ್ವತ್ತೆಂದು ಪರಿಗಣಿಸಿದವು. ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಅವರ 1978ರ ವರದಿಯು ಈ ಶಿಕ್ಷಣದ ಟೊಳ್ಳನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗಿಟ್ಟಿತು. ಅನುಭವಿಯಾದ ಅಧಿಕಾರಿಯ ಮಾತಿಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಆ ಮಾತನ್ನು ಪರೀಕ್ಷಿಸುವವರು ತರಗತಿಯಲ್ಲಿ ಇಲ್ಲದಿರುವುದೇ ನನ್ನ ಆಕ್ಷೇಪ.

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ವ್ಯಥೆಗೊಳಿಸುವ ಅಧ್ಯಾಯವು ಬರ್ಕ್ಲಿಯದೇ. 1950ರಲ್ಲಿ ಸ್ಥಾಪಿತವಾದ ಅಲ್ಲಿಯ ಅಪರಾಧಶಾಸ್ತ್ರದ ಶಾಲೆಯಲ್ಲಿ 1970ರ ಆಸುಪಾಸಿಗೆ ಕೆಲವು ಅಧ್ಯಾಪಕರೂ ವಿದ್ಯಾರ್ಥಿಗಳೂ, ಬಡವರನ್ನೂ ಕಪ್ಪುವರ್ಣೀಯರನ್ನೂ ಈ ವ್ಯವಸ್ಥೆ ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಬಹಿರಂಗವಾಗಿ ಪ್ರಶ್ನಿಸತೊಡಗಿದರು. ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆಯೇ 1976ರಲ್ಲಿ ಆ ಶಾಲೆ ಮುಚ್ಚಿತು. ಅವರ ಸಿದ್ಧಾಂತಗಳೆಲ್ಲವನ್ನೂ ಒಪ್ಪಬೇಕಾಗಿಲ್ಲ. ವಿಮರ್ಶಕರಿಗೆ ಆಶ್ರಯವಿತ್ತ ಮನೆಯನ್ನೇ ಮುಚ್ಚಿದುದರಿಂದ ಪೊಲೀಸ್ ವ್ಯವಸ್ಥೆಗಾಗಲಿ ಶಾಸ್ತ್ರಕ್ಕಾಗಲಿ ಹಿತವಾಗಲಿಲ್ಲವೆಂಬುದಂತೂ ನನ್ನ ದೃಢವಾದ ನಂಬಿಕೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಅಪರಾಧಶಾಸ್ತ್ರವನ್ನು ಬೋಧಿಸಲಾಗುತ್ತಿದೆ. ನಮ್ಮಲ್ಲಿ ಇಂಥ ವಿಭಾಗಗಳನ್ನು ಬೆಳೆಸಲು ಹೊರಟವರು ಅಮೆರಿಕದ ಪಠ್ಯಕ್ರಮಕ್ಕಿಂತ ಮೊದಲು ಅದರ ಈ ಅನುಭವವನ್ನು ಅಭ್ಯಸಿಸಲಿ. ಅಧ್ಯಾಪಕರನ್ನು ವಿದ್ವತ್ತಿನ ಆಧಾರದ ಮೇಲೆ ನೇಮಿಸಲಿ. ಗೃಹ ಇಲಾಖೆಯು ತನ್ನ ಠಾಣೆಗಳ, ಕಾರಾಗೃಹಗಳ ಬಾಗಿಲುಗಳನ್ನು ಸಂಶೋಧಕರಿಗೆ ತೆರೆದು, ಅವರು ಬರೆದುದು ಅಪ್ರಿಯವಾದರೂ ಪ್ರಕಟವಾಗಲು ಬಿಡಲಿ.